ಬೆಕ್ಕಿನ ವರದಿಯಲ್ಲಿ ‘ಕೊರೊನಾ ಪಾಸಿಟಿವ್’ ಎಂದು ಬಂದಿದೆ, ಅಪಾರ್ಟ್‌ಮೆಂಟಿನವರು ಸಾಗಹಾಕಿ ಎನ್ನುತ್ತಿದ್ದಾರೆ

ವಿಜಯನಗರದ ಪುಟ್ಟಿಮನೆ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 8 ತಿಂಗಳ ಹೆಣ್ಣುಬೆಕ್ಕೊಂದಿದೆ. ಮಳೆಗಾಲದಲ್ಲಿ ನಮ್ಮದೇ ಕಟ್ಟಡದ ಪಾರ್ಕಿಂಗಿನಲ್ಲಿ ಕಾರಿನ ಕೆಳಗೆ ಸಿಕ್ಕ ಮರಿ, ಹೆಸರು ಪುಟ್ಟಿ. ಹತ್ತು ದಿನಗಳಿಂದ ಅದಕ್ಕೆ ಬೇಧಿ ನಿಲ್ಲುತ್ತಿರಲಿಲ್ಲ. ಜಂತುಹುಳುವಿನ ಔಷಧ ಕೊಟ್ಟರೂ ಕಡಿಮೆಯಾಗದಿದ್ದುದರಿಂದ ಪಶುವೈದ್ಯರು ಮಲದ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿದರು. ನಿನ್ನೆ ಬಂದ ವರದಿಯಲ್ಲಿ ‘ಫೆಲೈನ್ ಕೊರೊನಾವೈರಸ್, ಪಿಸಿಆರ್, ಪಾಸಿಟಿವ್’ ಎಂದಿದೆ. ವೈದ್ಯರು ಊರಿನಲ್ಲಿಲ್ಲ, ಸೋಮವಾರ ಬರುತ್ತಾರೆ.

ಇಷ್ಟೇ ಆಗಿದ್ದರೆ ಸೋಮವಾರದವರೆಗೆ ಕಾಯುತ್ತಿದ್ದೆ. ನಮ್ಮ ಯಜಮಾನರು ಆ ವರದಿಯ ಚಿತ್ರವನ್ನು ನನಗೆ ಕಳುಹಿಸಲು ಹೋಗಿ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟರು. ಅಳಿಸುವಷ್ಟರಲ್ಲಿ ನಲವತ್ತು ಜನ ನೋಡಿಯಾಗಿತ್ತು. ಈಗ ಸಂಘದ ಕಾರ್ಯದರ್ಶಿಗಳು ಎರಡು ದಿನಗಳೊಳಗೆ ಬೆಕ್ಕನ್ನು ಎಲ್ಲಿಗಾದರೂ ಸಾಗಿಸಬೇಕು, ಅಲ್ಲಿಯವರೆಗೆ ಲಿಫ್ಟಿನಲ್ಲಿ ತರಕೂಡದು ಎಂದು ಬರೆದಿದ್ದಾರೆ. ಎದುರುಮನೆಯವರು ತಮ್ಮ ಲ್ಯಾಬ್ರಡಾರ್ ನಾಯಿಗೂ ಪರೀಕ್ಷೆ ಮಾಡಿಸಬೇಕೇ ಎಂದು ವಿಚಾರಿಸುತ್ತಿದ್ದಾರೆ. ನಮ್ಮ ಅತ್ತೆಯವರಿಗೆ 72 ವರ್ಷ, ಉಬ್ಬಸವಿದೆ, 2021ರಲ್ಲಿ ಕೋವಿಡ್ ಬಂದು ಒಂಬತ್ತು ದಿನ ಆಮ್ಲಜನಕದ ಮೇಲಿದ್ದವರು. ಹಾಗಾಗಿ ಹೊರಗೆ ಧೈರ್ಯ ತೋರಿಸುತ್ತಿದ್ದರೂ ನನಗೂ ಒಳಗೊಳಗೆ ಹೆದರಿಕೆಯಿದೆ. ಪುಟ್ಟಿಯಿಂದ ಅವರಿಗೆ ಏನಾದರೂ ತಗಲಬಹುದೇ? ತಿಳಿದವರು ದಯವಿಟ್ಟು ಹೇಳಿ.

ಕತ್ರಿಗುಪ್ಪೆ ಕಾಳ:
ಮೊದಲು ಯಜಮಾನರ ಕೈಯಿಂದ ಫೋನನ್ನು ಕಿತ್ತುಕೊಳ್ಳಿ, ಬೆಕ್ಕಿನ ವಿಚಾರ ಆಮೇಲೆ ನೋಡೋಣ.

ಸಂಶಯಪಿಶಾಚಿ:
ಎಲ್ಲರೂ ನನ್ನನ್ನು ಬೈಯುತ್ತೀರಿ ಎಂದು ಗೊತ್ತಿದ್ದೇ ಹೇಳುತ್ತೇನೆ, ಕಾರ್ಯದರ್ಶಿಗಳ ಮಾತಿನಲ್ಲಿ ತಪ್ಪೇನಿದೆ? 2020ರ ಆರಂಭದಲ್ಲಿ ಹಾಂಗ್‌ಕಾಂಗಿನಲ್ಲಿ 17 ವರ್ಷದ ಪಾಮರೇನಿಯನ್ ನಾಯಿಗೆ ಕೊರೊನಾ ಬಂದದ್ದು ಸುದ್ದಿಯಾಗಿತ್ತು. ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ಹೆಣ್ಣುಹುಲಿಗೂ ಬಂತು. ಹುಲಿಗೆ ಬರುವುದು ಬೆಕ್ಕಿಗೆ ಬಾರದೇ? ಆಮ್ಲಜನಕದ ಮೇಲಿದ್ದು ಬದುಕಿ ಬಂದ ಹಿರಿಯರನ್ನು ಮನೆಯಲ್ಲಿಟ್ಟುಕೊಂಡು ಪ್ರಾಣಿಪ್ರೀತಿಯ ಹೆಸರಿನಲ್ಲಿ ಜೂಜಾಡುವುದು ಸರಿಯಲ್ಲ.

ಹೆಬ್ಬಾಳದಲ್ಲಿ ಓದಿದವಳು:
ನಾನು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿ ಹದಿನಾಲ್ಕು ವರ್ಷಗಳಿಂದ ನಾಯಿ, ಬೆಕ್ಕುಗಳನ್ನೇ ನೋಡುತ್ತಿರುವವಳು. ಸಂಶಯಪಿಶಾಚಿಯವರು ಹೇಳಿದ ಎರಡು ಘಟನೆಗಳೂ ನಿಜವೇ, ಆದರೆ ಪುಟ್ಟಿಯ ವರದಿಗೂ ಅವಕ್ಕೂ ಸಂಬಂಧವಿಲ್ಲ.

ಕೊರೊನಾ ಎನ್ನುವುದು ಒಂದು ವೈರಸ್ಸಿನ ಹೆಸರಲ್ಲ, ಒಂದು ದೊಡ್ಡ ಕುಟುಂಬದ ಹೆಸರು. ಸೂಕ್ಷ್ಮದರ್ಶಕದಲ್ಲಿ ಸುತ್ತಲೂ ಕಿರೀಟದಂತೆ ಕಾಣುವ ಮುಳ್ಳುಗಳಿಂದಾಗಿ 1968ರಲ್ಲಿ ಈ ಹೆಸರು ಬಂತು. ಕೋವಿಡ್ ತಂದ ಸಾರ್ಸ್-ಕೋವ್-2 ಈ ಕುಟುಂಬದ ಬೀಟಾ ಗುಂಪಿಗೆ ಸೇರಿದ್ದು. ಪುಟ್ಟಿಯ ವರದಿಯಲ್ಲಿರುವ ಫೆಲೈನ್ ಕೊರೊನಾವೈರಸ್ ಆಲ್ಫಾ ಗುಂಪಿನದು. ಅದು ಬೆಕ್ಕಿನ ಕರುಳಿನಲ್ಲಿ ವಾಸಿಸುತ್ತದೆ, ಮಲದ ಮೂಲಕ ಬೆಕ್ಕಿನಿಂದ ಬೆಕ್ಕಿಗೆ ಹರಡುತ್ತದೆ, ಮನುಷ್ಯರಿಗೆ ಬರುವುದಿಲ್ಲ. ನಾಲ್ಕಾರು ಬೆಕ್ಕುಗಳಿರುವ ಮನೆಯಲ್ಲಿ ಪರೀಕ್ಷೆ ಮಾಡಿದರೆ ಬಹುಪಾಲು ಬೆಕ್ಕುಗಳಲ್ಲಿ ಅದರ ಗುರುತು ಸಿಗುತ್ತದೆ, ಅವುಗಳಲ್ಲಿ ಹೆಚ್ಚಿನವಕ್ಕೆ ಏನೂ ಆಗಿರುವುದಿಲ್ಲ, ಕೆಲವಕ್ಕೆ ನಾಲ್ಕು ದಿನ ಬೇಧಿಯಾಗಿ ನಿಂತಿರುತ್ತದೆ.

ಅತ್ತೆಯವರು ಪುಟ್ಟಿಯನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಹುದು. ಎದುರುಮನೆಯ ಲ್ಯಾಬ್ರಡಾರ್ ಆರೋಗ್ಯವಾಗಿದ್ದರೆ ಅದಕ್ಕೆ ಯಾವ ಪರೀಕ್ಷೆಯೂ ಬೇಡ.

ಯಲಹಂಕದ ಹಳೆಹೈನುಗಾರ:
ಡಾಕ್ಟರಮ್ಮ ಹೇಳಿದ್ದು ಸರಿಯಾಗಿದೆ. ನಮ್ಮ ಕೊಟ್ಟಿಗೆಯಲ್ಲಿ ಎಳೆಗರುಗಳಿಗೆ ಬಿಳಿಬೇಧಿ ಬಂದಾಗ, ಕೋವಿಡ್ ಎಂಬ ಶಬ್ದವೇ ಹುಟ್ಟುವುದಕ್ಕೆ ಎಷ್ಟೋ ವರ್ಷಗಳ ಮೊದಲು, ಪಶು ಆಸ್ಪತ್ರೆಯವರು ರೋಟಾ ಇರಬಹುದು ಅಥವಾ ಕೊರೊನಾ ಇರಬಹುದು ಎಂದು ಹೇಳಿದ್ದರು. ಕರುವಿಗೆ ಉಪ್ಪು ಸಕ್ಕರೆಯ ನೀರು ಕುಡಿಸಿ ಉಳಿಸಿಕೊಂಡೆವು. 2020ರಲ್ಲಿ ಟಿ.ವಿ.ಯಲ್ಲಿ ಆ ಹೆಸರು ಕೇಳಿದಾಗ ನನ್ನ ಹೆಂಡತಿ, ಇದು ನಮ್ಮ ಕರುವಿನ ಕಾಯಿಲೆಯಲ್ಲವೇ ಎಂದಿದ್ದಳು. ಕೋಳಿ ಸಾಕುವವರನ್ನು ಕೇಳಿದರೆ ಅವರ ಕೋಳಿಯ ಬ್ರಾಂಕೈಟಿಸ್ ಕೂಡ ಇದೇ ವಂಶದ್ದು ಎನ್ನುತ್ತಾರೆ.

ಬನಶಂಕರಿ ಬಾಕ್ಸರ್:
ಹಾಗಾದರೆ ನನ್ನದೊಂದು ಪ್ರಶ್ನೆ. ನಮ್ಮ ನಾಯಿಯ ಲಸಿಕೆಯ ಪುಸ್ತಕದಲ್ಲಿ 2017ರಲ್ಲೇ ‘ಕೊರೊನಾ’ ಎಂದು ಅಂಟಿಸಿದ ಚೀಟಿಯಿದೆ. ಲಾಕ್‌ಡೌನ್ ಕಾಲದಲ್ಲಿ ಅಂತಹ ಸೀಸೆಯ ಚಿತ್ರಗಳು ಎಲ್ಲ ಗುಂಪುಗಳಲ್ಲಿಯೂ ಸುತ್ತಾಡಿದವು. ಲಸಿಕೆ ಮೊದಲೇ ಇತ್ತು, ಮುಚ್ಚಿಟ್ಟರು ಎಂದು ನಮ್ಮ ಭಾವ ಇಂದಿಗೂ ವಾದ ಮಾಡುತ್ತಾರೆ. ಅವರಿಗೆ ಏನೆಂದು ಉತ್ತರ ಕೊಡಲಿ?

ಹೆಬ್ಬಾಳದಲ್ಲಿ ಓದಿದವಳು:
ನಿಮ್ಮ ಭಾವನವರಂತಹ ಎಷ್ಟೋ ಮಂದಿ ಆಗ ನನ್ನ ಚಿಕಿತ್ಸಾಲಯಕ್ಕೆ ಫೋನು ಮಾಡಿದ್ದರು. ಅವರಲ್ಲೊಬ್ಬರು ಅದನ್ನು ತಮಗೇ ಚುಚ್ಚಿ ಎಂದು ಕೇಳಿದರು, ತಮಾಷೆಗಲ್ಲ.

ಆ ಚೀಟಿಯಲ್ಲಿರುವುದು ಕೆನೈನ್ ಕೊರೊನಾವೈರಸ್, ಅಂದರೆ ನಾಯಿಮರಿಗಳ ಕರುಳಿಗೆ ತಗಲುವ ವೈರಸ್. 1971ರಲ್ಲಿ ಜರ್ಮನಿಯ ಸೇನಾನಾಯಿಗಳಲ್ಲಿ ಅದನ್ನು ಮೊದಲು ಗುರುತಿಸಲಾಯಿತು. ನಾಯಿಗಳಿಗೆ ಕೊಡುವ ಕೆಲವು ಬಹುರೋಗ ಲಸಿಕೆಗಳಲ್ಲಿ ಅದನ್ನೂ ಸೇರಿಸಿರುತ್ತಾರೆ. ಅದರಿಂದ ಕೋವಿಡ್ ವಿರುದ್ಧ ನಾಯಿಗೂ ರಕ್ಷಣೆ ಸಿಗುವುದಿಲ್ಲ, ಮನುಷ್ಯರಿಗೂ ಸಿಗುವುದಿಲ್ಲ. ನಿಜ ಹೇಳಬೇಕೆಂದರೆ ನಾಯಿಗೂ ಅದು ಅಷ್ಟೇನೂ ಅಗತ್ಯದ ಲಸಿಕೆಯಲ್ಲ, ಏಕೆಂದರೆ ಆ ಬೇಧಿ ಸಾಮಾನ್ಯವಾಗಿ ಸೌಮ್ಯವಾದದ್ದು. ಮರಿಗಳನ್ನು ಕೊಲ್ಲುವುದು ಪಾರ್ವೊ ಮತ್ತು ಡಿಸ್ಟೆಂಪರ್ ಎಂಬ ಬೇರೆ ವೈರಸ್ ರೋಗಗಳು. ನಾಯಿಮರಿಯ ಬೇಧಿಯಲ್ಲಿ ರಕ್ತ ಕಂಡರೆ ಕೊರೊನಾ ಇರಬಹುದು, ಕಾದು ನೋಡೋಣ ಎಂದು ಮನೆಯಲ್ಲಿ ಕೂರಬೇಡಿ, ಅದೇ ದಿನ ವೈದ್ಯರಲ್ಲಿಗೆ ಓಡಿ.

ಸಂಶಯಪಿಶಾಚಿ:
ಡಾಕ್ಟರೇ, ವಿವರಣೆಗೆ ಧನ್ಯವಾದ, ಆದರೆ ನನ್ನ ಮೂಲ ಪ್ರಶ್ನೆಯಿಂದ ತಪ್ಪಿಸಿಕೊಂಡಿರಿ. ಪುಟ್ಟಿಯದು ಬೇರೆ ವೈರಸ್ ಎಂದು ಒಪ್ಪಿಕೊಂಡೆ. ಕೋವಿಡ್ ವೈರಸ್ಸೂ ಬೆಕ್ಕಿಗೆ ಬರುತ್ತದೆಯೋ ಇಲ್ಲವೋ? ಬಂದರೆ ಬೆಕ್ಕಿನಿಂದ ಮನುಷ್ಯರಿಗೆ ಬರುತ್ತದೆಯೋ ಇಲ್ಲವೋ?

ಲ್ಯಾಬಿನ ಮೂಲೆ:
ಇದಕ್ಕೆ ನಾನು ಉತ್ತರಿಸುತ್ತೇನೆ, ಕೋವಿಡ್ ಕಾಲದಲ್ಲಿ ದಿನವಿಡೀ ಪಿಸಿಆರ್ ಯಂತ್ರದ ಮುಂದೆ ಕುಳಿತವನು.

ಬರುತ್ತದೆ. 2020ರಲ್ಲಿ ಚೀನಾದ ಹಾರ್ಬಿನ್‌ನಲ್ಲಿ ನಡೆದ ಪ್ರಯೋಗದಲ್ಲಿ ಬೆಕ್ಕು ಮತ್ತು ಫೆರೆಟ್‌ಗಳಿಗೆ ಸುಲಭವಾಗಿ, ನಾಯಿಗಳಿಗೆ ಸ್ವಲ್ಪ ಮಟ್ಟಿಗೆ ಸೋಂಕು ತಗಲಿತು, ಹಂದಿ, ಕೋಳಿ, ಬಾತುಕೋಳಿಗಳಿಗೆ ತಗಲಲಿಲ್ಲ. ವೈರಸ್ ಒಳನುಗ್ಗಲು ಬಳಸುವ ಎಸಿಇ-2 ಎಂಬ ಬಾಗಿಲು ಬೆಕ್ಕುಗಳಲ್ಲಿ ನಮ್ಮದನ್ನು ಬಹುಮಟ್ಟಿಗೆ ಹೋಲುತ್ತದೆ. ಸೋಂಕಿತ ಬೆಕ್ಕುಗಳಲ್ಲಿ ಹೆಚ್ಚಿನವು ಸ್ವಲ್ಪ ಸೀನಿ, ಮಂಕಾಗಿ, ತಾವಾಗಿಯೇ ಚೇತರಿಸಿಕೊಂಡವು. ನಮ್ಮ ದೇಶದಲ್ಲಿ 2021ರ ಮೇ ತಿಂಗಳಿನಲ್ಲಿ ಹೈದರಾಬಾದಿನ ನೆಹರೂ ಮೃಗಾಲಯದ ಎಂಟು ಏಷ್ಯಾಟಿಕ್ ಸಿಂಹಗಳಿಗೆ ಸೋಂಕು ದೃಢಪಟ್ಟಿತು, ಅವು ಗುಣವಾದವು. ಮುಂದಿನ ತಿಂಗಳು ಚೆನ್ನೈ ಬಳಿಯ ವಂಡಲೂರಿನ ಮೃಗಾಲಯದಲ್ಲಿ ಸೋಂಕು ತಗಲಿದಾಗ ಎರಡು ಸಿಂಹಗಳು ಸತ್ತವು. ಅದಾದ ಮೇಲೆ ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದವರು ಪ್ರಾಣಿಗಳಿಗೆಂದೇ ಆಂಕೋವ್ಯಾಕ್ಸ್ ಎಂಬ ಲಸಿಕೆಯನ್ನು ಸಿದ್ಧಪಡಿಸಿದರು, 2022ರ ಜೂನ್‌ನಲ್ಲಿ ಅದು ಬಿಡುಗಡೆಯಾಯಿತು.

ಎರಡನೆಯ ಪ್ರಶ್ನೆಗೆ ಉತ್ತರ: ಬಹಳ ಅಪರೂಪಕ್ಕೆ. 2021ರಲ್ಲಿ ಥಾಯ್ಲೆಂಡಿನಲ್ಲಿ ಸೋಂಕಿತ ಬೆಕ್ಕೊಂದು ಪರೀಕ್ಷಿಸುತ್ತಿದ್ದ ಪಶುವೈದ್ಯೆಯ ಮುಖಕ್ಕೆ ಸೀನಿ ಅವರಿಗೆ ಸೋಂಕು ಬಂದದ್ದು ದಾಖಲಾಗಿದೆ. ಆ ಬೆಕ್ಕಿಗೆ ಬಂದದ್ದಾದರೂ ಅದರ ಮಾಲೀಕರಿಂದ. ಲೋಕದಲ್ಲೆಲ್ಲ ಸೋಂಕು ಹರಿದದ್ದು ಹೆಚ್ಚಾಗಿ ಮನುಷ್ಯರಿಂದ ಪ್ರಾಣಿಗಳಿಗೆ. ತುಪ್ಪಳಕ್ಕಾಗಿ ಸಾಕುವ ಮಿಂಕ್ ಎಂಬ ಪ್ರಾಣಿಯ ಸಾಕಣೆ ಕೇಂದ್ರಗಳ ಕಥೆ ಬೇರೆ, ಅಲ್ಲಿ ಸಾವಿರಾರು ಪ್ರಾಣಿಗಳು ಒತ್ತೊತ್ತಾಗಿರುವ ಗೂಡುಗಳಿಂದ ವೈರಸ್ ಕೆಲಸಗಾರರಿಗೆ ಮರಳಿ ಬಂತು, ಡೆನ್ಮಾರ್ಕ್ 2020ರ ನವೆಂಬರ್‌ನಲ್ಲಿ ಒಂದೂವರೆ ಕೋಟಿಗೂ ಹೆಚ್ಚು ಮಿಂಕ್‌ಗಳನ್ನು ಕೊಲ್ಲಲು ಹೊರಟಿತು. ವಿಜಯನಗರದ ಎರಡು ಕೋಣೆಯ ಮನೆಯಲ್ಲಿರುವ ಒಂಟಿ ಬೆಕ್ಕನ್ನು ಅದಕ್ಕೆ ಹೋಲಿಸಲಾಗದು. ನಿಮ್ಮ ಅತ್ತೆಯವರಿಗೆ ಕೋವಿಡ್ ಬರುವುದಾದರೆ ಅದು ಲಿಫ್ಟಿನಲ್ಲಿ ಪಕ್ಕ ನಿಂತ ಕಾರ್ಯದರ್ಶಿಗಳಿಂದ ಬರುವ ಸಂಭವವೇ ಹೆಚ್ಚು.

ಕತ್ರಿಗುಪ್ಪೆ ಕಾಳ:
ಕೊನೆಯ ವಾಕ್ಯವನ್ನು ಮುದ್ರಿಸಿ ಆ ಲಿಫ್ಟಿನೊಳಗೇ ಅಂಟಿಸಬೇಕು.

ಮಲ್ಲೇಶ್ವರದ ಮಿಂಚು:
ಎಲ್ಲರೂ ಹೆದರಬೇಡಿ ಎನ್ನುತ್ತಿದ್ದೀರಿ. ಮನುಷ್ಯರು ಹೆದರಬೇಕಾಗಿಲ್ಲ ಎನ್ನುವುದನ್ನು ಒಪ್ಪುತ್ತೇನೆ. ಪುಟ್ಟಿಯ ಬಗ್ಗೆ ಯಾರಾದರೂ ಎಫ್‌ಐಪಿ (ಫೆಲೈನ್ ಇನ್ಫೆಕ್ಷಿಯಸ್ ಪೆರಿಟೊನೈಟಿಸ್, ಇದೇ ವೈರಸ್ಸಿನಿಂದ ಕೆಲವು ಬೆಕ್ಕುಗಳಿಗೆ ಬರುವ ಗಂಭೀರ ರೋಗ) ಎಂಬ ಮಾತೆತ್ತುತ್ತೀರೋ ಎಂದು ಕಾಯುತ್ತಿದ್ದೆ, ಯಾರೂ ಎತ್ತಲಿಲ್ಲ, ಹಾಗಾಗಿ ನಾನೇ ಬರೆಯುತ್ತಿದ್ದೇನೆ.

2018ರಲ್ಲಿ ನಮ್ಮ ಮಿಂಚುವಿಗೆ ಒಂದು ವರ್ಷ ತುಂಬಿರಲಿಲ್ಲ. ಜ್ವರ ಬಂತು, ಹೋಯಿತು, ಮತ್ತೆ ಬಂತು. ಆ್ಯಂಟಿಬಯೋಟಿಕ್ ಕೊಟ್ಟರೂ ಜಗ್ಗಲಿಲ್ಲ. ಬೆನ್ನುಮೂಳೆ ಕೈಗೆ ಸಿಗುವಷ್ಟು ಬಡವಾಗುತ್ತಾ ಹೊಟ್ಟೆ ಮಾತ್ರ ದಪ್ಪಗಾಗುತ್ತಿದ್ದಾಗ, ನಾವು ತೋರಿಸುತ್ತಿದ್ದ ಕಡೆ ಹುಳು ಎಂದರು, ವಾಯು ಎಂದರು. ಬೇರೆ ವೈದ್ಯರು ಹೊಟ್ಟೆಯಿಂದ ಸೂಜಿಯಲ್ಲಿ ನೀರು ತೆಗೆದು ತೋರಿಸಿದಾಗ ಅದು ಹರಳೆಣ್ಣೆಯ ಹಾಗೆ ಹಳದಿಯಾಗಿ, ಎಳೆ ಎಳೆಯಾಗಿ ಅಂಟುತ್ತಿತ್ತು. ಅವರು ಸೂಜಿಯನ್ನು ಪಕ್ಕಕ್ಕಿಟ್ಟು ನನ್ನ ಮುಖ ನೋಡಿದ ರೀತಿಯಲ್ಲೇ ನನಗೆ ಅರ್ಥವಾಯಿತು. ಆಗ ಇಲ್ಲಿ ನಮ್ಮಂಥವರ ಕೈಗೆಟುಕುವ ಔಷಧವಿರಲಿಲ್ಲ. ಹನ್ನೊಂದನೆಯ ದಿನ ಅದು ನನ್ನ ಹಳೆಯ ಸೀರೆಯ ಮೇಲೆ ಮಲಗಿದ್ದ ಹಾಗೆಯೇ ಹೋಯಿತು.

2023ರಲ್ಲಿ ಎರಡನೆಯ ಬೆಕ್ಕಿಗೂ ಅದೇ ಹೊಟ್ಟೆ, ಅದೇ ಹಳದಿ ನೀರು. ಈ ಸಲ ವೈದ್ಯರು ಜಿಎಸ್ ಎಂಬ ಎಫ್‌ಐಪಿ ಔಷಧದ ಮಾತ್ರೆ ಎಂದರು. ದಿನವೂ ಒಂದೇ ಹೊತ್ತಿಗೆ, 84 ದಿನ. ಪ್ರತಿ ವಾರ ತೂಕ ನೋಡಿ ಅದಕ್ಕೆ ತಕ್ಕಂತೆ ಪ್ರಮಾಣವನ್ನು ಏರಿಸಬೇಕಿತ್ತು. ಐದನೆಯ ದಿನ ಬೆಳಿಗ್ಗೆ ಅದು ತಾನಾಗಿಯೇ ಬಟ್ಟಲ ಬಳಿ ಬಂದು ಕೂಗಿದಾಗ ಹಾಲು ಉಕ್ಕುತ್ತಿದ್ದರೂ ನಾನು ಒಲೆ ಬಿಟ್ಟು ಓಡಿದೆ. ಎಲ್ಲ ಸೇರಿ ಒಂದು ಹಳೆಯ ಸ್ಕೂಟರಿನ ಬೆಲೆಯಷ್ಟು ಖರ್ಚಾಯಿತು. 2.1 ಕೆ.ಜಿ. ಇದ್ದ ಬೆಕ್ಕು ಈಗ 4 ಕೆ.ಜಿ. ಇದೆ, ಈ ಉತ್ತರವನ್ನು ಬರೆಯುತ್ತಿರುವ ಮೇಜಿನ ಮೇಲೆಯೇ ಬಿದ್ದುಕೊಂಡಿದೆ.

ಜೆ.ಪಿ. ನಗರದ ಜಾಣ:
ಕ್ಷಮಿಸಿ, ಎಫ್‌ಐಪಿ ಎಂದರೆ ಸಾವೇ, ನೂರಕ್ಕೆ ತೊಂಬತ್ತೊಂಬತ್ತು. ಪುಟ್ಟಿ ಪಾಸಿಟಿವ್ ಎಂದಾದ ಮೇಲೆ ನೋವಿಲ್ಲದಂತೆ ಕಳುಹಿಸಿಕೊಡುವುದೇ ದಯೆ.

ಹೆಬ್ಬಾಳದಲ್ಲಿ ಓದಿದವಳು:
ಜಾಣರೇ, ನಿಮ್ಮ ಮಾತಿನಲ್ಲಿ ಎರಡು ತಪ್ಪುಗಳಿವೆ, ಎರಡೂ ಬೆಕ್ಕಿನ ಜೀವಕ್ಕೆ ಎರವಾಗುವಂಥವು.

ಮೊದಲನೆಯದಾಗಿ, ಪಾಸಿಟಿವ್ ಎಂದರೆ ಎಫ್‌ಐಪಿ ಅಲ್ಲ. ಕರುಳಿನಲ್ಲಿದ್ದ ಸಾಧಾರಣ ವೈರಸ್, ಕೆಲವು ಬೆಕ್ಕುಗಳ ದೇಹದೊಳಗೇ ರೂಪಾಂತರಗೊಂಡು, ರೋಗದ ವಿರುದ್ಧ ಹೋರಾಡಬೇಕಾದ ಬಿಳಿ ರಕ್ತಕಣಗಳಲ್ಲಿಯೇ ಬೆಳೆಯುವ ಶಕ್ತಿಯನ್ನು ಪಡೆದುಕೊಂಡಾಗ ಎಫ್‌ಐಪಿ ಉಂಟಾಗುತ್ತದೆ. ಸೋಂಕು ತಗಲಿದ ನೂರು ಬೆಕ್ಕುಗಳಲ್ಲಿ ಐದರಿಂದ ಹತ್ತಕ್ಕೆ ಹೀಗಾಗುತ್ತದೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ, ಎರಡು ವರ್ಷದೊಳಗಿನವುಗಳಲ್ಲಿ ಹೆಚ್ಚು. ಮಲದಲ್ಲಿ ವೈರಸ್ ಸಿಕ್ಕಿತೆಂಬ ಒಂದೇ ವರದಿಯಿಂದ ಎಫ್‌ಐಪಿ ಎಂದು ಯಾರೂ ತೀರ್ಮಾನಿಸಲಾಗದು. ಜ್ವರ, ತೂಕ, ಸ್ಕ್ಯಾನಿನಲ್ಲಿ ನೀರು, ರಕ್ತದಲ್ಲಿ ಅಲ್ಬುಮಿನ್ ಮತ್ತು ಗ್ಲೋಬ್ಯುಲಿನ್ ಎಂಬ ಪ್ರೋಟೀನುಗಳ ಅನುಪಾತ, ಇವೆಲ್ಲವನ್ನೂ ಕೂಡಿಸಿ ನೋಡಬೇಕು. ಆ ಅನುಪಾತ 0.4ಕ್ಕಿಂತ ಕೆಳಗಿಳಿದರೆ ಅನುಮಾನ ಬಲವಾಗುತ್ತದೆ, 0.8ಕ್ಕಿಂತ ಮೇಲಿದ್ದರೆ ಬಹುಮಟ್ಟಿಗೆ ನಿಶ್ಚಿಂತೆ.

ಎರಡನೆಯದಾಗಿ, ಎಫ್‌ಐಪಿ ಬಂದರೂ ಈಗ ಅದು ಮರಣಶಾಸನವಲ್ಲ. 1963ರಲ್ಲಿ ವಿವರಿಸಲ್ಪಟ್ಟ ಈ ರೋಗಕ್ಕೆ ಅರ್ಧ ಶತಮಾನಕ್ಕೂ ಮೀರಿ ಮದ್ದಿರಲಿಲ್ಲ. 2019ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ನೀಲ್ಸ್ ಪೆಡರ್ಸನ್ ಅವರ ತಂಡ ಜಿಎಸ್-441524 ಎಂಬ ಔಷಧವನ್ನು 31 ಬೆಕ್ಕುಗಳಿಗೆ ಕೊಟ್ಟು, ಕೆಲವಕ್ಕೆ ರೋಗ ಮರುಕಳಿಸಿ ಮತ್ತೆ ಚಿಕಿತ್ಸೆ ಬೇಕಾದರೂ 25 ಬೆಕ್ಕುಗಳು ಉಳಿದುಕೊಂಡದ್ದನ್ನು ಪ್ರಕಟಿಸಿತು. ನಾವು 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಇದೇ ಊರಿನಲ್ಲಿ ಒಂದೊಂದು ಸೀಸೆಗಾಗಿ ಅಲೆದಾಡಿದ ರೆಮ್‌ಡೆಸಿವಿರ್ ದೇಹದೊಳಗೆ ಹೋಗಿ ಆಗುವುದು ಇದೇ ಜಿಎಸ್.

ಲ್ಯಾಬಿನ ಮೂಲೆ:
ಇದಕ್ಕೊಂದು ಸೇರಿಸುತ್ತೇನೆ. 2023ರಲ್ಲಿ ಸೈಪ್ರಸ್ ದ್ವೀಪದಲ್ಲಿ ಬೆಕ್ಕುಗಳು ಗುಂಪು ಗುಂಪಾಗಿ ಎಫ್‌ಐಪಿಯಿಂದ ಸಾಯತೊಡಗಿದವು. ಸಾಮಾನ್ಯವಾಗಿ ಎಫ್‌ಐಪಿ ಒಂದು ಬೆಕ್ಕಿನಿಂದ ಇನ್ನೊಂದಕ್ಕೆ ನೇರವಾಗಿ ಹರಡುವುದಿಲ್ಲ, ಅಲ್ಲಿ ಹರಡಿತು. ಪರಿಶೀಲಿಸಿದಾಗ ಬೆಕ್ಕಿನ ಕೊರೊನಾವೈರಸ್ಸಿಗೆ ನಾಯಿಯ ಕೊರೊನಾವೈರಸ್ಸಿನ ತುಣುಕು ಸೇರಿಕೊಂಡಿತ್ತು. ಸರ್ಕಾರ ಮನುಷ್ಯರ ಕೋವಿಡ್‌ಗೆಂದು ಇಟ್ಟಿದ್ದ ಮೊಲ್ನುಪಿರಾವಿರ್ ದಾಸ್ತಾನನ್ನು ಬೆಕ್ಕುಗಳಿಗೆ ಬಳಸಲು ಆಗಸ್ಟ್‌ನಲ್ಲಿ ಅನುಮತಿ ಕೊಟ್ಟಿತು. ಹಾಗಾಗಿ ಬೆಕ್ಕಿನದು ಬೆಕ್ಕಿಗೆ, ನಾಯಿಯದು ನಾಯಿಗೆ ಎಂಬ ಗೆರೆ ನಾವು ಎಳೆದಷ್ಟು ನೇರವಾಗಿಲ್ಲ.

ಸಂಶಯಪಿಶಾಚಿ:
ನೋಡಿದಿರಾ, ನನ್ನ ಸಂಶಯಕ್ಕೂ ಒಂದು ದ್ವೀಪದಷ್ಟು ಜಾಗವಿದೆ.

ಔಷಧಮಿತ್ರ_24:
ನನ್ನ ಬಳಿ ಜಿಎಸ್ ಚುಚ್ಚುಮದ್ದು ಕಡಿಮೆ ಬೆಲೆಗೆ ಸಿಗುತ್ತದೆ. ವೈದ್ಯರ ಚೀಟಿ ಬೇಡ. ಖಾಸಗಿ ಸಂದೇಶ ಕಳುಹಿಸಿ.

ನಿರ್ವಾಹಕ:
ಔಷಧಮಿತ್ರ_24 ಅವರ ಖಾತೆಯನ್ನು ತಡೆಹಿಡಿಯಲಾಗಿದೆ. ಈ ಚರ್ಚೆಯಲ್ಲಿ ಔಷಧ ಮಾರಾಟ ಮಾಡುವುದು, ವೈದ್ಯರಲ್ಲದವರು ಪ್ರಮಾಣ ಸೂಚಿಸುವುದು, ಎರಡಕ್ಕೂ ಅವಕಾಶವಿಲ್ಲ.

ಮಲ್ಲೇಶ್ವರದ ಮಿಂಚು:
ನಿರ್ವಾಹಕರಿಗೆ ಧನ್ಯವಾದಗಳು. ಇಂತಹವರಿಂದ ಚೀಟಿಯಿಲ್ಲದ ಸೀಸೆ ಕೊಂಡ ಪರಿಚಯದವರೊಬ್ಬರ ಬೆಕ್ಕಿಗೆ ಚುಚ್ಚಿದ ಜಾಗದಲ್ಲೆಲ್ಲ ಹುಣ್ಣಾಗಿತ್ತು, ಒಳಗೆ ಔಷಧ ಎಷ್ಟಿತ್ತೆಂದು ದೇವರಿಗೇ ಗೊತ್ತು.

ಗಾಂಧಿಬಜಾರಿನ ವಕೀಲ:
ಕಾರ್ಯದರ್ಶಿಗಳ ವಿಚಾರಕ್ಕೆ ಬರುತ್ತೇನೆ. ಸಾಕುಪ್ರಾಣಿಯನ್ನು ಇಟ್ಟುಕೊಳ್ಳಬಾರದೆಂದು ನಿವಾಸಿಗಳ ಸಂಘ ನಿಷೇಧ ಹೇರುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು 2015ರ ಮಾರ್ಗಸೂಚಿಗಳಲ್ಲಿ ಸ್ಪಷ್ಟಪಡಿಸಿದೆ. ಇನ್ನು, ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಡಿ ಅಪರಾಧ, ತೊರೆದವರು ನೀವೇ ಆಗಿರುತ್ತೀರಿ, ಕಾರ್ಯದರ್ಶಿಗಳಲ್ಲ. ಆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ಹತ್ತರಿಂದ ಐವತ್ತು ರೂಪಾಯಿ ದಂಡವೆಂದು ಬರೆದಿದೆ, ಇಂದು ಗಾಂಧಿಬಜಾರಿನಲ್ಲಿ ಆ ದುಡ್ಡಿಗೆ ಒಂದು ಮಸಾಲೆದೋಸೆಯೂ ಬಾರದು ಎನ್ನುವುದು ಬೇರೆ ಮಾತು. ಜಗಳಕ್ಕೆ ಇಳಿಯಬೇಡಿ, ವೈದ್ಯರಿಂದ ನಾಲ್ಕು ಸಾಲಿನ ಪತ್ರ ಪಡೆದು ಲಿಖಿತವಾಗಿ ಉತ್ತರ ಕೊಡಿ.

ಹೆಬ್ಬಾಳದಲ್ಲಿ ಓದಿದವಳು:
ಪುಟ್ಟಿಮನೆಯವರೇ, ಸೋಮವಾರದವರೆಗೆ ಮಾಡಬೇಕಾದದ್ದು ಇಷ್ಟೇ. ಪುಟ್ಟಿ ಮಲವಿಸರ್ಜನೆಗೆ ಬಳಸುವ ಲಿಟರ್ ಟ್ರೇಯನ್ನು ಊಟದ ಬಟ್ಟಲಿನಿಂದ ದೂರವಿಡಿ, ದಿನಕ್ಕೆ ಎರಡು ಸಲ ಮಲವನ್ನು ತೆಗೆಯಿರಿ, ಏಕೆಂದರೆ ಒಣಗಿದ ಮಲದಲ್ಲಿ ಈ ವೈರಸ್ ವಾರಗಟ್ಟಲೆ ಉಳಿಯಬಲ್ಲದು. ನೀರು ಬೆರೆಸಿದ ಬ್ಲೀಚಿನಿಂದ ಟ್ರೇಯನ್ನು ತೊಳೆದು, ವಾಸನೆ ಹೋಗುವವರೆಗೆ ಜಾಲಾಡಿಸಿ, ಒಣಗಿಸಿ. ಫಿನಾಯಿಲನ್ನು ಮಾತ್ರ ಖಂಡಿತ ಬಳಸಬೇಡಿ. ನಮ್ಮ ಮನೆಗಳಲ್ಲಿ ನೆಲ ಒರೆಸಲು ಅದೇ ಮೊದಲು ಕೈಗೆ ಬರುತ್ತದೆ, ಆದರೆ ಬೆಕ್ಕಿನ ಯಕೃತ್ತಿಗೆ ಅದನ್ನು ಕರಗಿಸುವ ಶಕ್ತಿಯಿಲ್ಲ, ಪಾದಕ್ಕೆ ಅಂಟಿದ್ದನ್ನು ನೆಕ್ಕಿಕೊಂಡರೂ ವಿಷವಾಗುತ್ತದೆ. ಸ್ಯಾನಿಟೈಸರಿನಿಂದ ಮೈ ಒರೆಸುವುದೂ ಬೇಡ, 2020ರಲ್ಲಿ ಹಾಗೆ ಒರೆಸಿ ಚರ್ಮ ಸುಟ್ಟ ನಾಯಿಗಳನ್ನು ನೋಡಿದ್ದೇನೆ. ಪುಟ್ಟಿ ಊಟ ಬಿಟ್ಟರೆ, ಜ್ವರ ಬಂದರೆ, ಹೊಟ್ಟೆ ಊದಿದರೆ, ಕಣ್ಣಿನ ಬಣ್ಣ ಬದಲಾದರೆ, ನಡಿಗೆ ತೂರಾಡಿದರೆ ಸೋಮವಾರದವರೆಗೆ ಕಾಯದೆ ಬೇರೆ ವೈದ್ಯರಲ್ಲಿಗೆ ಹೋಗಿ.

ವಿಜಯನಗರದ ಪುಟ್ಟಿಮನೆ:
ಎಲ್ಲರಿಗೂ ಕೃತಜ್ಞತೆಗಳು. ಇಂದು ವೈದ್ಯರನ್ನು ಕಂಡು ಬಂದೆವು. ಜ್ವರವಿಲ್ಲ, ಸ್ಕ್ಯಾನಿನಲ್ಲಿ ನೀರು ಕಾಣಲಿಲ್ಲ, ಆ ಅನುಪಾತ 0.9 ಇದೆ. ಬೇಯಿಸಿದ ಕೋಳಿಯ ತಿಳಿಸಾರು ಮತ್ತು ಒಂದು ಪುಡಿಯನ್ನು ಕೊಟ್ಟಿದ್ದಾರೆ, ಬೇಧಿ ಗಟ್ಟಿಯಾಗುತ್ತಿದೆ. ಎರಡು ವರ್ಷ ತುಂಬುವವರೆಗೆ ಪ್ರತಿ ತಿಂಗಳು ತೂಕ ಬರೆದಿಡಲು ಹೇಳಿದ್ದಾರೆ. ಮಿಂಚು ಅವರೇ, ನೀವು ಬರೆದದ್ದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ, ಆದರೆ ಏನನ್ನು ಗಮನಿಸಬೇಕು ಎಂದು ತಿಳಿದದ್ದು ನಿಮ್ಮಿಂದಲೇ.

ವೈದ್ಯರ ಪತ್ರವನ್ನು ಕಾರ್ಯದರ್ಶಿಗಳಿಗೆ ಕೊಟ್ಟೆವು. ಕ್ಷಮೆ ಕೇಳಲಿಲ್ಲ, ಬುಟ್ಟಿಯಲ್ಲಿಟ್ಟು ಲಿಫ್ಟಿನಲ್ಲಿ ತರಬಹುದು ಎಂದರು, ಒಪ್ಪಿಕೊಂಡೆವು. ಅತ್ತೆಯವರು ಮಾತ್ರ ಅವರ ಎದುರಿಗೇ, ‘ನಮ್ಮಜ್ಜಿಯ ಕಾಲದಲ್ಲಿ ಪ್ಲೇಗು ಬಂದು ಇಲಿ ಬಿದ್ದರೆ ಜನ ಮನೆ ಬಿಡುತ್ತಿದ್ದರಂತೆ, ಇಲಿ ಹಿಡಿಯುವ ಬೆಕ್ಕನ್ನೇ ಮನೆ ಬಿಡಿಸುವವರನ್ನು ಈಗ ನೋಡಿದೆ’ ಎಂದುಬಿಟ್ಟರು.

ಸಂಶಯಪಿಶಾಚಿ:
ಪುಟ್ಟಿ ಕ್ಷೇಮವಾಗಿರುವುದು ಸಂತೋಷ. ನನ್ನ ಮೊದಲ ಉತ್ತರವನ್ನು ಅಳಿಸುವುದಿಲ್ಲ, ಅದನ್ನು ಓದಿ ಹೆದರಿದವರು ಕೆಳಗಿನ ಉತ್ತರಗಳನ್ನೂ ಓದಲಿ. ಆದರೆ ಲಿಟರ್ ಟ್ರೇಯನ್ನು ಅತ್ತೆಯವರು ಮುಟ್ಟಬಾರದು ಎಂದು ಮಾತ್ರ ಹೇಳುತ್ತೇನೆ. ಕೊರೊನಾ ಅಲ್ಲದಿದ್ದರೂ, ಉಬ್ಬಸವಿರುವವರಿಗೆ ಆ ಧೂಳು ಒಳ್ಳೆಯದಲ್ಲ.

ಹೆಬ್ಬಾಳದಲ್ಲಿ ಓದಿದವಳು:
ಇದನ್ನು ಪೂರ್ತಿಯಾಗಿ ಒಪ್ಪುತ್ತೇನೆ.

ವಿಜಯನಗರದ ಪುಟ್ಟಿಮನೆ:
ಟ್ರೇ ತೊಳೆಯುವ ಕೆಲಸವನ್ನು ವರದಿಯ ಚಿತ್ರವನ್ನು ಗುಂಪಿಗೆ ಹಾಕಿದವರಿಗೇ ವಹಿಸಲಾಗಿದೆ.